ಓದುಗರ ಪ್ರಶ್ನೆ, ನಮ್ ಉತ್ತರ: ತಲೇಲಿ ಮಾತಾಡೋ ಹೆಂಗಸು, ನಗಿಸೋಕೆ ಹೋಗದ ಕಾಮಿಡಿ ಹೀರೋ

ಹೋದ ಸಂಚಿಕೇಲಿ ‘ಸ್ಟ್ರೇಂಜರ್ ದ್ಯಾನ್ ಫಿಕ್ಷನ್’ ಅನ್ನೋ 2006ರ ಇಂಗ್ಲಿಷ್ ಸಿನಿಮಾ ಬಗ್ಗೆ ಒಂದು ಮೂಲೇಲಿ ನಾಲ್ಕು ಸಾಲು ಹಾಕಿದ್ವಿ, ಬಿಡುವಿದ್ರೆ ನೋಡಿ ಅಂತ. ಅಷ್ಟಕ್ಕೇ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆಯಿಂದ ಪ್ರಶ್ನೆ ಬಂದು ಬಿದ್ದಿವೆ. ಹಂಗಾಗಿ ಈ ಸಲ ರಾಗಿ ರೇಟು, ಸೊಂಟ ನೋವು, ಅತ್ತೆ ಸೊಸೆ ಎಲ್ಲಾ ಪಕ್ಕಕ್ಕೆ, ಬರೀ ಸಿನಿಮಾ.

ಪ್ರಶ್ನೆ: ಸಾರ್, ನೀವು ಹೇಳಿದ್ರಿ ಅಂತ ರೂಮಲ್ಲಿ ನಾಲ್ಕು ಜನ ಕೂತು ನೋಡಿದ್ವಿ. ವಿಲ್ ಫೆರೆಲ್ ಅಂದ್ರೆ ಹೊಟ್ಟೆ ಹುಣ್ಣಾಗೋ ಹಂಗೆ ನಗಿಸ್ತಾನೆ ಅಂದ್ಕೊಂಡಿದ್ವಿ, ಇಲ್ಲಿ ಆಸಾಮಿ ಸುಮ್ನೆ ಮುಖ ಸಣ್ಣಗೆ ಮಾಡ್ಕೊಂಡು ಓಡಾಡ್ತಾನೆ. ಇದು ಕಾಮಿಡಿನಾ? – ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಕಾಮಿಡಿನೇ ತಮ್ಮಾ, ಆದ್ರೆ ನೀವು ನಾಲ್ಕೂ ಜನ ಯಾವಾಗ ಜೋಕ್ ಬರುತ್ತೆ ಅಂತ ಕಾಯ್ತಾ ಕೂತಿದ್ರಿ ಅನ್ಸುತ್ತೆ, ಅದಕ್ಕೇ ಎದುರಿಗೇ ಹಾದು ಹೋದ್ರೂ ಕಾಣಿಸ್ಲಿಲ್ಲ. ನೋಡದೇ ಇರೋರಿಗೋಸ್ಕರ ಕತೆ ಒಂಚೂರು ಹೇಳ್ತೀನಿ. ಹೆರಾಲ್ಡ್ ಕ್ರಿಕ್ ಅಂತ ಒಬ್ಬ ಟ್ಯಾಕ್ಸ್ ಆಫೀಸಿನವ್ನು, ಊರು ಶಿಕಾಗೋ. ಒಂಟಿ ಮನುಷ್ಯ, ಎಲ್ಲದಕ್ಕೂ ಲೆಕ್ಕ, ಬಸ್ ಸ್ಟಾಪಿಗೆ ಎಷ್ಟು ಹೆಜ್ಜೆ ಅಂತ ಲೆಕ್ಕ, ಬೆಳಗ್ಗೆ ಎದ್ದು 32 ಹಲ್ಲನ್ನ 76 ಸಲ ಉಜ್ಜೋದೂ ಲೆಕ್ಕ. ಒಂದಿನ ಹಿಂಗೇ ಬ್ರಷ್ ಬಾಯಲ್ಲಿಟ್ಕೊಂಡು ನಿಂತಿದ್ದಾಗ ಎಲ್ಲಿಂದಲೋ ಒಬ್ಬ ಹೆಂಗಸಿನ ಧ್ವನಿ, ಇವನು ಏನು ಮಾಡ್ತಿದಾನೋ ಅದನ್ನೇ ಕಾದಂಬರಿ ಓದಿದಂಗೆ ಹೇಳ್ತಾ ಹೋಗುತ್ತೆ. ಬ್ರಷ್ ನಿಲ್ಸಿದ್ರೆ ಧ್ವನಿ ನಿಲ್ಲುತ್ತೆ, ಮತ್ತೆ ಉಜ್ಜಿದ್ರೆ ಮತ್ತೆ ಶುರು. ಆವಾಗ ಅವನ ಮುಖ ನೋಡಿ ನೀವು. ಕಣ್ಣು ಅರಳ್ಸಲ್ಲ, ಕಿರುಚಲ್ಲ, ಬಾಯಿ ತುಂಬ ನೊರೆ ಇಟ್ಕೊಂಡು ಹಂಗೇ ಕನ್ನಡಿ ನೋಡ್ತಾನೆ, ಆಮೇಲೆ ಒಂದೇ ಒಂದು ಸಲ ನಿಧಾನಕ್ಕೆ ಬ್ರಷ್ ಆಡಿಸಿ ಪರೀಕ್ಷೆ ಮಾಡ್ತಾನೆ. ಲೆಕ್ಕದ ಮನುಷ್ಯ ಅಲ್ವಾ, ಭಯ ಆದ್ರೂ ಮೊದ್ಲು ಟ್ಯಾಲಿ ನೋಡ್ಬೇಕು. ನಂಗೆ ಇಡೀ ಸಿನಿಮಾದಲ್ಲಿ ಜಾಸ್ತಿ ನಗು ಬಂದಿದ್ದು ಅಲ್ಲೇ.

ಇದೇ ಫೆರೆಲ್ಲು ಅದೇ 2006ರಲ್ಲಿ ‘ಟಲ್ಲಡೇಗಾ ನೈಟ್ಸ್’ ಅನ್ನೋ ಕಾರ್ ರೇಸ್ ಸಿನಿಮಾದಲ್ಲಿ ಮೈಗೆ ಬೆಂಕಿ ಹತ್ತಿದೆ ಅಂದ್ಕೊಂಡು ಚಡ್ಡೀಲಿ ಟ್ರ್ಯಾಕ್ ತುಂಬಾ ಓಡಿದಾನೆ, ಬೆಂಕಿನೇ ಇರಲ್ಲ. ಅದಕ್ಕೂ ಮುಂಚೆ 2003ರ ‘ಎಲ್ಫ್’, 2004ರ ‘ಆಂಕರ್‌ಮ್ಯಾನ್’, ಎಲ್ಲಾ ಕಡೆ ಗಂಟಲು ದೊಡ್ಡದು. ಅಂಥವನ ಕೈಗೆ ಡೈರೆಕ್ಟರ್ ಮಾರ್ಕ್ ಫಾರ್ಸ್ಟರ್ ಕಿರುಚೋದಕ್ಕೆ ನೂರು ಕಾರಣ ಇರೋ ಪಾತ್ರ ಕೊಟ್ಟಿದಾರೆ, ಅವನು ಕಿರುಚೋದನ್ನ ಬಿಟ್ಟಿದಾನೆ. ಎಲ್ಲೋ ಒಂದ್ ಕಡೆ ತಡ್ಕೊಳ್ಳೋಕಾಗ್ದೆ ಮನೇಲಿ ಲ್ಯಾಂಪು ಗೀಂಪು ಎತ್ತಿ ಒಡೀತಾನೆ, ಅದು ಬಿಟ್ರೆ ಸಭ್ಯಸ್ಥ. ನಾನು ಹೇಳೋದಿಷ್ಟೇ, ಇಂಥ ವಿಚಿತ್ರ ಕತೇಲಿ ಆಕ್ಟರ್ ಆದವ್ನಿಗೆ ತಾನು ಕಾಮಿಡಿ ಸಿನಿಮಾದಲ್ಲಿದೀನಿ ಅನ್ನೋದು ಗೊತ್ತೇ ಇರ್ಬಾರ್ದು. ಕತೆ ಎಷ್ಟು ಹುಚ್ಚಾಟ ಆಡುತ್ತೋ ಅವನು ಅಷ್ಟು ನೆಟ್ಟಗಿರ್ಬೇಕು. ಇಬ್ರೂ ಒಟ್ಟಿಗೆ ಕುಣಿದ್ರೆ ನೋಡೋರಿಗೆ ತಲೆನೋವು.

ಇನ್ನೊಂದು ಸಲ ನೋಡಿ, ಒಬ್ಬೊಬ್ರೇ ಕೂತ್ಕೊಂಡು. ನಾಲ್ಕು ಜನ ಸೇರಿದ್ರೆ ಅದು ಸಿನಿಮಾ ನೋಡೋದಲ್ಲ, ಪಫ್ಸ್ ತಿನ್ನೋದು.

ಪ್ರಶ್ನೆ: ಆ ಪ್ರೊಫೆಸರ್ ಪಾತ್ರ ಯಾಕೆ ಬೇಕಿತ್ತು? ತಲೇಲಿ ಧ್ವನಿ ಕೇಳಿಸಿದ್ರೆ ಡಾಕ್ಟರ್ ಹತ್ರ ಹೋಗ್ಬೇಕು, ಇಲ್ಲಾ ದೇವಸ್ಥಾನಕ್ಕೆ ಹೋಗ್ಬೇಕು. ಸಾಹಿತ್ಯದ ಮೇಷ್ಟ್ರ ಹತ್ರ ಯಾರಾದ್ರೂ ಹೋಗ್ತಾರಾ? – ನಿವೃತ್ತ ಶಿಕ್ಷಕರು, ಮಧುಗಿರಿ

ಮೇಷ್ಟ್ರೇ, ಡಾಕ್ಟರ್ ಹತ್ರ ಹೋಗ್ತಾನಲ್ಲ ಮೊದ್ಲು! ಅವ್ರು ಕಾಯಿಲೆ ಹೆಸರು ಹೇಳಿ ಮಾತ್ರೆ ತಗೋ ಅಂತಾರೆ. ಇವನು ಒಪ್ಪಲ್ಲ, ಯಾಕಂದ್ರೆ ಧ್ವನಿ ಇವನ ಜೊತೆ ಮಾತಾಡ್ತಿಲ್ಲ, ಇವನ ಬಗ್ಗೆ ಮಾತಾಡ್ತಿದೆ, ಅದೂ ಇವನಿಗಿಂತ ಒಳ್ಳೆ ಭಾಷೇಲಿ. ಹಂಗಾದ್ರೆ ಕತೆ ಗೊತ್ತಿರೋರ್ನ ಕೇಳು ಅಂತ ಬರುತ್ತೆ, ಅಲ್ಲಿಗೆ ಡಸ್ಟಿನ್ ಹಾಫ್‌ಮನ್ ಅವರ ಪ್ರೊಫೆಸರ್ ಹಿಲ್ಬರ್ಟ್. ಆ ಪ್ರೊಫೆಸರ್ ಇದನ್ನ ಕಾಯಿಲೆ ಅಂತಾನೂ ಅನ್ನಲ್ಲ, ಪವಾಡ ಅಂತಾನೂ ಅನ್ನಲ್ಲ, ನೀನು ಯಾವ ಕತೆ ಒಳಗಿದೀಯ ನೋಡೋಣ ಅಂತ ಪಟ್ಟಿ ಮಾಡ್ಕೊಂಡು ಪ್ರಶ್ನೆ ಹಾಕ್ತಾರೆ, ನಿನ್ ಮನೆ ಮುಂದೆ ಯಾರಾದ್ರೂ ದೊಡ್ಡ ಮರದ ಕುದುರೆ ಬಿಟ್ಟು ಹೋಗಿದಾರಾ, ನೀನು ಎಲ್ಲಿಗಾದ್ರೂ ರಾಜನಾ, ಹಿಂಗೆ. ಕಾಫಿ ಹೀರ್ತಾ ಜನಗಣತಿಗೆ ಬಂದವರ ಥರ ಕೇಳ್ತಾರೆ. ಹಂಗೆ ಕೇಳಿ ಕೇಳಿ ಯಾವ್ಯಾವ ಕತೆ ಅಲ್ಲ ಅಂತ ಕಳೀತಾ ಹೋಗೋದು, ಉಳಿದಿದ್ದು ಎರಡೇ: ನಗುವಲ್ಲಿ ಮುಗಿಯೋದಾ, ಸಾವಲ್ಲಿ ಮುಗಿಯೋದಾ. ಹೆರಾಲ್ಡ್ ಒಂದು ಪುಟ್ಟ ಪುಸ್ತಕದಲ್ಲಿ ಎರಡು ಕಾಲಂ ಹಾಕ್ಕೊಂಡು ಗೀಟು ಎಳೀತಾ ಓಡಾಡ್ತಾನೆ, ಇವತ್ತು ಕಾಮಿಡಿಗೆ ಒಂದು, ಟ್ರ್ಯಾಜಿಡಿಗೆ ಮೂರು ಅಂತ.

ಇದ್ರಲ್ಲಿ ಒಂದು ಸೀನ್ ಮಾತ್ರ ಯಾರೂ ಮಿಸ್ ಮಾಡ್ಬೇಡಿ. ನೀನೇನೂ ಮಾಡ್ದೆ ಮನೇಲಿ ಸುಮ್ನೆ ಕೂತಿರು, ಕತೆ ತಾನಾಗೇ ನಿನ್ನ ಹುಡ್ಕೊಂಡು ಬರುತ್ತಾ ನೋಡೋಣ ಅಂತಾರೆ ಪ್ರೊಫೆಸರ್. ಇವನು ಹಂಗೇ ಸೋಫಾ ಮೇಲೆ ಕೂತು ಟೀವಿ ನೋಡ್ತಿರ್ತಾನೆ, ದಡಾರ್ ಅಂತ ಗೋಡೆ ಒಡ್ಕೊಂಡು ಒಂದು ದೊಡ್ಡ ಯಂತ್ರದ ಕೈ ಒಳಗೆ ಬರುತ್ತೆ. ಬಿಲ್ಡಿಂಗ್ ಕೆಡವೋರು ಅಡ್ರೆಸ್ ತಪ್ಪಿ ಬಂದಿರ್ತಾರೆ! ನಮ್ ಕಡೆ ರಸ್ತೆ ಅಗಲ ಮಾಡೋ ಜೆಸಿಬಿ ನೋಡಿದವರಿಗೆ ಇದ್ರಲ್ಲಿ ಫ್ಯಾಂಟಸಿ ಎಲ್ಲಿದೆ ಅಂತ ಅನುಮಾನ ಬರುತ್ತೆ, ಅದು ಬೇರೆ ಮಾತು.

ಪ್ರಶ್ನೆ: ಅದ್ರಲ್ಲಿ ಬೇಕರಿ ಇಟ್ಟಿರೋ ಹುಡ್ಗಿ ಟ್ಯಾಕ್ಸ್ ಅರ್ಧಂಬರ್ಧ ಕಟ್ಟಿ ಧಿಮಾಕು ಮಾಡ್ತಾಳಲ್ಲ, ನಾವೂ ಹಂಗೆ ಮಾಡ್ಬೋದಾ? – ಬೇಕರಿ ಮಾಲೀಕರು, ಗೌರಿಬಿದನೂರು

ಮಾಡ್ಬೋದು, ಆಮೇಲೆ ನೋಟಿಸ್ ಬಂದಾಗ ನಮ್ ಹೆಸರು ಹೇಳ್ಬೇಡಿ. ಆ ಆನಾ ಪಾಸ್ಕಲ್ ಪಾತ್ರ (ಮ್ಯಾಗಿ ಜಿಲೆನ್‌ಹಾಲ್ ಮಾಡಿರೋದು) ಕಟ್ಟೋದು ನೂರಕ್ಕೆ 78, ಮಿಲಿಟರಿ ಅದೂ ಇದೂ ಅಂತ ತನಗೆ ಇಷ್ಟ ಇಲ್ಲದ ಖರ್ಚಿನ ಪಾಲು ಹಿಡ್ಕೊಂಡು ಇಲಾಖೆಗೆ ಬೈದು ಕಾಗದ ಬೇರೆ ಬರ್ದಿರ್ತಾಳೆ. ನಮ್ ದೇಶದಲ್ಲಾಗ್ಲಿ ಅವ್ರ ದೇಶದಲ್ಲಾಗ್ಲಿ ಹಂಗೆ ಆರಿಸ್ಕೊಂಡು ಕಟ್ಟೋಕೆ ಕಾನೂನಲ್ಲಿ ಜಾಗ ಇಲ್ಲ, ಬಡ್ಡಿ ದಂಡ ಎರಡೂ ಬೀಳುತ್ತೆ. ಆದ್ರೆ ಆ ಜಗಳದಿಂದಾನೇ ಪ್ರೀತಿ ಶುರುವಾಗೋದು ಚೆನ್ನಾಗಿದೆ. ಇವನು ಕೊನೆಗೆ ಹೂವಿನ ಬದ್ಲು ಬೇರೆ ಬೇರೆ ಥರದ ಹಿಟ್ಟಿನ ಪೊಟ್ಟಣ ತಗೊಂಡ್ ಹೋಗಿ ಕೊಡ್ತಾನೆ, ಇಂಗ್ಲಿಷಲ್ಲಿ ಎರಡಕ್ಕೂ ಉಚ್ಚಾರ ಒಂದೇ. ನಿಮ್ಮಂಥೋರಿಗೆ ಮೈದಾ ಯಾರಾದ್ರೂ ಪ್ರೀತಿಯಿಂದ ಕೊಟ್ರೆ ಬೇಡ ಅಂತೀರಾ?

ಪ್ರಶ್ನೆ: ಹೀರೋ ಕೊನೇಲಿ ಸಾಯ್ತಾನಾ ಇಲ್ವಾ? ಅದನ್ನ ಹೇಳಿದ್ರೆ ನೋಡ್ತೀನಿ. – ಗೃಹಿಣಿ, ಮಾಲೂರು

ಅಕ್ಕಾ, ಅದನ್ನ ಹೇಳಿದ್ರೆ ನೀವು ಯಾಕೆ ನೋಡ್ತೀರಾ. ಇಷ್ಟು ಹೇಳ್ತೀನಿ, ಧ್ವನಿ ಯಾರ್ದು ಅಂತ ಗೊತ್ತಾಗುತ್ತೆ. ಎಮ್ಮಾ ಥಾಂಪ್ಸನ್ ಮಾಡಿರೋ ಕ್ಯಾರೆನ್ ಐಫೆಲ್ ಅನ್ನೋ ಲೇಖಕಿ, ಬರ್ದಿದ್ ಕಾದಂಬರೀಲೆಲ್ಲಾ ಹೀರೋನ ಸಾಯ್ಸಿರೋಳು, ಈ ಸಲ ಹೆಂಗೆ ಸಾಯ್ಸೋದು ಅಂತ ಹೊಳೀದೆ ಸಿಗರೇಟ್ ಮೇಲೆ ಸಿಗರೇಟ್ ಸೇದ್ತಾ ಕೂತಿರ್ತಾಳೆ. ತಾನು ಟೈಪ್ ಮಾಡ್ತಿರೋ ಮನುಷ್ಯ ನಿಜವಾಗ್ಲೂ ಉಸಿರಾಡ್ತಿದಾನೆ ಅಂತ ಅವಳಿಗೆ ಗೊತ್ತಾದಾಗ ಅವಳ ಮುಖದಲ್ಲಿ ಆಗೋ ಬದಲಾವಣೆ ಇದೆಯಲ್ಲ, ಕೊನೆ ಗೊತ್ತಿದ್ರೂ ಅದಕ್ಕೋಸ್ಕರ ನೋಡ್ಬೋದು. ಅಮೆರಿಕಾದಲ್ಲಿ ಇದಕ್ಕೆ ಪಿಜಿ-13 ಸರ್ಟಿಫಿಕೇಟು, ಚಿಕ್ಕ ಮಕ್ಕಳು ಮಲಗಿದ್ಮೇಲೆ ಹಾಕ್ಕೊಳ್ಳಿ.

ಪ್ರಶ್ನೆ: ಇಂಗ್ಲಿಷ್ನೋರನ್ನ ಹೊಗಳಿದ್ದು ಸಾಕು. ನಮ್ ಕನ್ನಡದ ಹೀರೋಗಳು ಇಂಥ ರಿಸ್ಕ್ ತಗೊಂಡೇ ಇಲ್ವಾ? ಬರೀ ಬಿಲ್ಡಪ್ಪು ಫೈಟೇನಾ? – ಜೆರಾಕ್ಸ್ ಅಂಗಡಿ ಇಟ್ಟಿರೋರು, ಚಿಂತಾಮಣಿ

ತಗೊಂಡಿದಾರೆ ಸ್ವಾಮಿ, ನಾವು ಮರ್ತಿದೀವಿ ಅಷ್ಟೇ. ಅನಂತನಾಗ್ ಅವ್ರನ್ನ ತಗೊಳ್ಳಿ. 1974ರಲ್ಲಿ ಶ್ಯಾಮ್ ಬೆನೆಗಲ್ ಅವರ ‘ಅಂಕುರ್’ನಲ್ಲಿ ಜಮೀನ್ದಾರನ ಮಗ, 1975ರಲ್ಲಿ ‘ಹಂಸಗೀತೆ’, ಆ ಥರ ಗಂಭೀರ ಸಿನಿಮಾಗಳ ಮನುಷ್ಯ ಅಂತ ಹೆಸರಾಗಿದ್ದೋರು. 1980ರಲ್ಲಿ ಸಿದ್ದಲಿಂಗಯ್ಯನವರ ‘ನಾರದ ವಿಜಯ’ದಲ್ಲಿ ನಾರದ ಆಗಿ ಭೂಲೋಕಕ್ಕೆ ಇಳಿದ್ರು ನೋಡಿ! ಅದೂ ಡಬಲ್ ಆಕ್ಟಿಂಗು, ಭೂಮಿ ಮೇಲೆ ಅದೇ ಮುಖದ ಇನ್ನೊಬ್ಬ ಹುಡುಗ, ಜನಕ್ಕೆ ಗೊಂದಲವೋ ಗೊಂದಲ. ನಾರದ ಅಂದ ತಕ್ಷಣ ಯಾರೇ ಆದ್ರೂ ಕತ್ತು ಕೊಂಕಿಸಿ ಕಣ್ಣು ಮಿಟುಕಿಸೋಕೆ ಹೋಗ್ತಾರೆ, ಅನಂತನಾಗ್ ಹಂಗೆ ಮಾಡಲ್ಲ, ತಾನು ನಿಜವಾಗ್ಲೂ ದೇವಲೋಕದಿಂದ ಬಂದೋನು, ಇಲ್ಲಿ ನಡೀತಿರೋದೇ ವಿಚಿತ್ರ ಅನ್ನೋ ಮುಖ. ಅವರ ಇಡೀ ಕಾಮಿಡಿ ನಿಂತಿರೋದೇ ಆ ಸಭ್ಯತೆ ಮೇಲೆ, ಮುಂದೆ ಎಷ್ಟು ಹಾಸ್ಯದ ಪಾತ್ರ ಮಾಡಿದ್ರೂ ಅದನ್ನ ಬಿಡ್ಲಿಲ್ಲ.

2012ರ ‘ಕಠಾರಿವೀರ ಸುರಸುಂದರಾಂಗಿ’ ಅಂತೂ ಗೊತ್ತೇ ಇರುತ್ತೆ, ತ್ರೀಡಿ ಕನ್ನಡಕ ಹಾಕ್ಕೊಂಡು ಉಪೇಂದ್ರ, ರಮ್ಯಾ ಅವರನ್ನ ನೋಡಿದ್ವಿ, ಅಂಬರೀಶ್ ಯಮಧರ್ಮ. ಅದ್ರಲ್ಲಿ ನಂಗೆ ಇಷ್ಟ ಆಗಿದ್ದು ಹೀರೋಗಿಂತ ಯಮ, ಏನೂ ಮಾಡದೆ ಸುಮ್ನೆ ಸಿಂಹಾಸನದ ಮೇಲೆ ಕೂತ್ರೂ ಥಿಯೇಟರಲ್ಲಿ ಶಿಳ್ಳೆ. ಆದ್ರೆ ಅದು ಬೇರೆ ಥರದ ಮಜಾ, ಅಲ್ಲಿ ನಾವು ನೋಡ್ತಿರೋದು ಯಮನ್ನಲ್ಲ, ಮಂಡ್ಯದ ಗಂಡನ್ನ.

2019ರ ಡಿಸೆಂಬರಲ್ಲಿ ಬಂತಲ್ಲ ‘ಅವನೇ ಶ್ರೀಮನ್ನಾರಾಯಣ’, ಅದು ರಕ್ಷಿತ್ ಶೆಟ್ಟಿಗೆ ದೊಡ್ಡ ಜೂಜು. ‘ಕಿರಿಕ್ ಪಾರ್ಟಿ’ ಆದ್ಮೇಲೆ ಕಾಲೇಜು ಲವ್ ಸ್ಟೋರಿ ಇನ್ನೊಂದು ಮಾಡಿದ್ರೆ ಜನ ಬರ್ತಿದ್ರು, ಮಾಡ್ಲಿಲ್ಲ, ಅಮರಾವತಿ ಅಂತ ಇಲ್ಲದ ಊರು ಕಟ್ಟಿ, ಡಕಾಯಿತ್ರು, ನಾಟಕದವ್ರ ನಿಧಿ, ಮಧ್ಯೆ ಕೌಬಾಯ್ ಥರದ ಇನ್ಸ್‌ಪೆಕ್ಟರ್. ಊರು, ಸೆಟ್ಟು, ಬಣ್ಣ ಎಲ್ಲಾ ಕಣ್ಣಿಗೆ ಹಬ್ಬ. ಆದ್ರೆ ಮೂರು ಗಂಟೆ ಮೇಲೆ ಸಿನಿಮಾ, ಆ ನಾರಾಯಣನಿಗೆ ತಾನು ಬುದ್ಧಿವಂತ ಅಂತ ಮೊದಲ ಸೀನಿಂದಾನೇ ಗೊತ್ತು, ತುಪಾಕಿ ಎದುರಿಗೆ ನಿಂತ್ರೂ ತುಟೀಲಿ ನಗು. ಅವನಿಗೇ ಭಯ ಇಲ್ಲ ಅಂದ್ಮೇಲೆ ನಂಗ್ಯಾಕೆ ಬೇಕು ಭಯ ಅಂತ ನಾನು ಇಂಟರ್ವಲ್ ಆದ್ಮೇಲೆ ಒರಗಿ ಕೂತೆ. ಸಿನಿಮಾ ಇಷ್ಟ ಇಲ್ಲ ಅಂತಲ್ಲ, ಆ ಹುಚ್ಚು ಧೈರ್ಯಕ್ಕೆ ಇವತ್ತೂ ನಮಸ್ಕಾರ.

ಅಪ್ಪು ದೇವರಾಗಿ ಬಂದ ‘ಲಕ್ಕಿ ಮ್ಯಾನ್’ ಬಗ್ಗೆ ಕೇಳ್ಬೇಡಿ. 2022ರ ಸೆಪ್ಟೆಂಬರಲ್ಲಿ ಬಂತು, ಅವ್ರು ಹೋಗಿ ವರ್ಷ ತುಂಬ್ತಾ ಬಂದಿತ್ತು. ಕಾಮಿಡಿ ಸೀನಿಗೂ ಜನ ಕಣ್ಣೊರೆಸ್ಕೊಳ್ತಿದ್ರು, ವಿಮರ್ಶೆ ಮಾಡೋ ಸ್ಥಿತೀಲಿ ಯಾರೂ ಇರ್ಲಿಲ್ಲ.

ಪ್ರಶ್ನೆ: ನಮ್ ಬಾಗೇಪಲ್ಲಿ ಕಡೆ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಇಂಥ ಮ್ಯಾಜಿಕ್ಕು, ಯಮ, ರಾಕ್ಷಸ ಅಂದ್ರೆ ತೆಲುಗಿನವ್ರೇ ಎಕ್ಸ್‌ಪರ್ಟು ಅಂತ ನಮ್ ತಾತ ಜಗಳ ಆಡ್ತಾರೆ. ನೀವೇನಂತೀರಾ? – ಪಿಯುಸಿ ವಿದ್ಯಾರ್ಥಿನಿ, ಬಾಗೇಪಲ್ಲಿ

ತಾತನ ಹತ್ರ ಜಗಳಕ್ಕೆ ಹೋಗ್ಬೇಡಮ್ಮಾ, ಸೋಲ್ತೀಯ. ಅವ್ರು 1957ರ ‘ಮಾಯಾಬಜಾರ್’ ತೆಗೀತಾರೆ, ಅಲ್ಲಿಗೆ ನಿನ್ ಕತೆ ಮುಗೀತು. ಎಸ್.ವಿ. ರಂಗರಾವ್ ಅವರ ಘಟೋತ್ಕಚನ್ನ ಎಲ್ರೂ ಹೊಗಳ್ತಾರೆ, ನೀನು ಸಾವಿತ್ರಿನ ನೋಡು. ಘಟೋತ್ಕಚ ಶಶಿರೇಖೆ ವೇಷದಲ್ಲಿ ಮನೆ ಒಳಗೆ ಸೇರ್ಕೊಂಡಿರ್ತಾನಲ್ಲ, ಅದನ್ನ ಮಾಡಿರೋದು ಸಾವಿತ್ರಿನೇ. ಅಂದ್ರೆ ಹೆಣ್ಣು ವೇಷ ಹಾಕಿರೋ ರಾಕ್ಷಸನ ಪಾತ್ರ ಮಾಡ್ತಿರೋ ಹೆಣ್ಣು! ಅದೇ ಸೀರೆ, ಅದೇ ಒಡವೆ, ಅದೇ ಮುಖ, ಆದ್ರೆ ನಿಲ್ಲೋ ಗತ್ತು ಬೇರೆ, ತಲೆ ಎತ್ತೋದು ಬೇರೆ, ಯಾರೂ ನೋಡ್ತಿಲ್ಲ ಅಂದಾಗ ಗಂಡಸಿನ ಧಿಮಾಕು, ನೋಡಿದ ತಕ್ಷಣ ನಾಚಿಕೆ. ಒಂದು ಗ್ರಾಫಿಕ್ಸ್ ಬೇಕಾಗ್ಲಿಲ್ಲ ಅದಕ್ಕೆ.

ಆದ್ರೆ ತಾತನ ಬಾಯಿ ಮುಚ್ಸೋಕೆ ನಿನ್ ಹತ್ರಾನೂ ಒಂದು ಅಸ್ತ್ರ ಇದೆ. ರಾಜಮೌಳಿಯವರ ‘ಈಗ’, 2012. ನಾನಿ ಪಾತ್ರ ಸತ್ತು ನೊಣ ಆಗಿ ಹುಟ್ಟಿ ಸೇಡು ತೀರಿಸ್ಕೊಳ್ಳೋ ಕತೆ, ನೊಣ ಕಂಪ್ಯೂಟರಲ್ಲಿ ಮಾಡಿದ್ದು, ಆಮೇಲೆ ಸೇರ್ಸಿದ್ದು. ಅಂದ್ರೆ ಶೂಟಿಂಗ್ ಟೈಮಲ್ಲಿ ಎದುರಿಗೆ ಏನೂ ಇಲ್ಲ. ಖಾಲಿ ಗಾಳಿ ನೋಡ್ಕೊಂಡು ರೇಗಿ, ಹೆದರಿ, ನಿದ್ದೆ ಕೆಟ್ಟು ಹುಚ್ಚು ಹಿಡಿಯೋವರ್ಗೂ ಸಿನಿಮಾ ಎಳ್ಕೊಂಡು ಹೋಗಿದ್ದು ಯಾರು? ನಮ್ ಸುದೀಪ್. ಪಾತ್ರದ ಹೆಸರೂ ಸುದೀಪೇ. ಕನ್ನಡದಲ್ಲಿ ಮಾಸ್ ಹೀರೋ ಆಗಿರೋ ಮನುಷ್ಯ ಪಕ್ಕದ ಭಾಷೆಗೆ ಹೋಗಿ ಒಂದು ನೊಣದ ಕೈಲಿ ಏಟು ತಿನ್ನೋಕೆ ಒಪ್ಪಿದ್ದಾರಲ್ಲ, ಅದೇ ದೊಡ್ಡದು. ಆಕ್ಸಿಡೆಂಟ್ ಆದ್ಮೇಲೆ ಕಾರಿನ ಗಾಜಿನ ಮೇಲೆ ನೊಣ ಅಕ್ಷರ ಬರಿಯುತ್ತೆ, ನಿನ್ನ ಕೊಲ್ತೀನಿ ಅಂತ, ಆಗ ಸುದೀಪ್ ಮುಖದಲ್ಲಿ ಕಾಮಿಡಿ ಒಂದು ಚೂರೂ ಇಲ್ಲ, ನಿಜವಾದ ಸಾವಿನ ಭಯ. ಅವ್ರು ಒಂದೇ ಒಂದು ಸಲ ಸುಮ್ನೆ ತಮಾಷೆ ಮಾಡಿದ್ದಿದ್ರೆ ಆ ನೊಣ ಬರೀ ಕಾರ್ಟೂನ್ ಆಗ್ಬಿಡ್ತಿತ್ತು.

ಪ್ರಶ್ನೆ: ಸಾ, ನಮ್ಮೂರ ಜಾತ್ರೆಗೆ ‘ಕುರುಕ್ಷೇತ್ರ’ ನಾಟ್ಕ ಆಡ್ತಾ ಇದೀವಿ. ನಾನು ಶಕುನಿ. ಪ್ರಾಕ್ಟೀಸಲ್ಲಿ ಸ್ವಲ್ಪ ಡಿಫ್ರೆಂಟಾಗಿ ಕಾಮಿಡಿ ಸೇರ್ಸಿದ್ರೆ ಹಾರ್ಮೋನಿಯಂ ಮೇಷ್ಟ್ರು ಬೈತಾರೆ. ಜನ ನಗ್ತಾವ್ರಲ್ಲ, ಏನ್ ತೆಪ್ಪು? – ಅಡಿಕೆ ಬೆಳೆಗಾರರು, ಗುಬ್ಬಿ ತಾಲ್ಲೂಕು

ಯಜಮಾನ್ರೇ, ಗುಬ್ಬಿ ನೆಲದಲ್ಲಿ ನಿಂತ್ಕೊಂಡು ಈ ಪ್ರಶ್ನೆ ಕೇಳ್ತೀರಲ್ಲ! ನಿಮ್ ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ಅದನ್ನ ದೇಶಕ್ಕೇ ಗೊತ್ತಾಗೋ ಹಂಗೆ ಬೆಳೆಸಿದ ವೀರಣ್ಣನವರೇ ಮೂಲತಃ ಹಾಸ್ಯನಟ. ‘ಸದಾರಮೆ’ಯಲ್ಲಿ ಅವರ ಕಳ್ಳನ ಪಾತ್ರ ನೋಡೋಕೆ ಜನ ಗಾಡಿ ಕಟ್ಕೊಂಡು ಬರ್ತಿದ್ರು ಅಂತ ಹಳಬ್ರು ಇವತ್ತೂ ಹೇಳ್ತಾರೆ. ಆ ಕಳ್ಳ ತಾನು ಜಾಣ ಅಂತ ನಂಬಿ ಕದಿಯೋಕೆ ಬರೋನು, ಜನಕ್ಕೆ ನಗು ಬರ್ತಿದ್ದಿದ್ದೇ ಆ ನಂಬಿಕೆಗೆ. ನಿಮ್ ಪಕ್ಕದ ತಿಪಟೂರಿನ ನರಸಿಂಹರಾಜು ಅವ್ರೂ ಅದೇ ಕಂಪನೀಲಿ ಪಳಗಿದವ್ರು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಅವರ ನಕ್ಷತ್ರಿಕ ನೆನಪಿದ್ಯಾ? ರಾಜ, ರಾಣಿ ಬೀದಿಪಾಲಾಗಿ ಜನ ಅಳ್ತಿರ್ತಾರೆ, ಈ ಪುಣ್ಯಾತ್ಮನಿಗೆ ಸಾಲ ವಸೂಲಿ ಒಂದೇ ಚಿಂತೆ. ಅವನು ಜನರನ್ನ ನಗಿಸೋಕೆ ಬಂದಿಲ್ಲ, ಡ್ಯೂಟಿ ಮೇಲೆ ಬಂದಿದಾನೆ, ಅದಕ್ಕೇ ಆ ಅಳುವಿನ ಮಧ್ಯೆನೂ ನಗು.

ಹಂಗೇ ನಿಮ್ ಶಕುನಿ. ಅವನ ಒಳಗೆ ಮನೆ ಮಂದಿನೆಲ್ಲಾ ಕಳ್ಕೊಂಡ ಉರಿ ಇದೆ, ಹೊರಗೆ ಭಾವನ ಮನೇಲಿ ಅನ್ನ ತಿನ್ನೋ ಮಾವನ ನಗು. ನೀವು ಆ ನಗುನ ಸೀರಿಯಸ್ಸಾಗಿ ಮಾಡಿ, ದಾಳ ಉರುಳಿಸೋಕೆ ಮುಂಚೆ ಅದ್ರ ಜೊತೆ ಮಗು ಜೊತೆ ಮಾತಾಡಿದಂಗೆ ಮಾತಾಡಿ, ಬೇಕಾದಷ್ಟು ನಗು ಬರುತ್ತೆ. ಅದು ಬಿಟ್ಟು ದುರ್ಯೋಧನನ ಎದುರಿಗೆ ಪುಷ್ಪ ಸಿನಿಮಾ ಸ್ಟೈಲಲ್ಲಿ ಗಡ್ಡ ಒರೆಸ್ಕೊಂಡ್ರೆ ಮುಂದಿನ ಸಾಲಿನ ಹುಡುಗ್ರು ಶಿಳ್ಳೆ ಹಾಕ್ತಾರೆ ನಿಜ, ಆದ್ರೆ ಪಾಪ ದುರ್ಯೋಧನನ ಪಾತ್ರಕ್ಕೆ ಜಾಸ್ತಿ ದುಡ್ಡು ಕೊಟ್ಟು ತಿಂಗಳುಗಟ್ಲೆ ಕಂದ ಪದ್ಯ ಕಲ್ತಿರೋನ ಹೊಟ್ಟೆ ಉರಿಯುತ್ತೆ. ಬೆಳಗಿನ ಜಾವದವರೆಗೆ ಆಡೋ ನಾಟ್ಕ, ರಾತ್ರಿ ಹನ್ನೊಂದಕ್ಕೇ ಅಷ್ಟೂ ಪಟಾಕಿ ಹೊಡೆದ್ರೆ ಆಮೇಲೇನ್ ಮಾಡ್ತೀರಾ? ಮೇಷ್ಟ್ರು ಹೇಳಿದ್ ಕೇಳಿ.

ಪ್ರಶ್ನೆ: ನಾನು ಶಾರ್ಟ್ ಫಿಲಂ ಮಾಡ್ತಿದೀನಿ. ಕತೆ: ಕೋಲಾರ ಎಪಿಎಂಸೀಲಿ ಟೊಮ್ಯಾಟೊ ಮಂಡಿ ಇಟ್ಟಿರೋ ಒಬ್ಬನಿಗೆ ಒಂದಿನ ಟೊಮ್ಯಾಟೊಗಳು ಮಾತಾಡೋದು ಕೇಳಿಸೋಕೆ ಶುರು ಆಗುತ್ತೆ, ನಾಳೆ ರೇಟು ಎಷ್ಟು ಅಂತ ಅವೇ ಹೇಳ್ತವೆ. ಆಮೇಲೆ ಅವನು ಹಾರೋದನ್ನೂ ಕಲೀತಾನೆ, ಕೊನೇಲಿ ಎಲ್ಲಾ ಕನಸು. ಹೆಂಗಿದೆ? – ಡಿಗ್ರಿ ವಿದ್ಯಾರ್ಥಿ, ಕೋಲಾರ

ಅರ್ಧ ಕತೆ ಬಂಗಾರ, ಇನ್ನರ್ಧ ಕೊಳ್ತಿರೋ ಕ್ರೇಟು. ಟೊಮ್ಯಾಟೊ ಮಾತಾಡ್ಲಿ, ಒಪ್ಪಿದೆ. ನೋಡೋರು ಒಂದು ಸುಳ್ಳನ್ನ ಖುಷಿಯಾಗಿ ನಂಬ್ತಾರೆ, ಆದ್ರೆ ಆ ಒಂದಕ್ಕೆ ನಿಯತ್ತಾಗಿರ್ಬೇಕು. ಮೇಲೆ ಹೇಳಿದ ಇಂಗ್ಲಿಷ್ ಸಿನಿಮಾದಲ್ಲಿ ಧ್ವನಿ ಬಿಟ್ರೆ ಬೇರೆ ಮಾಯ ಮಂತ್ರ ಏನಿದೆ ಹೇಳು? ಬಸ್ಸು ಬಸ್ಸೇ, ಆಫೀಸು ಆಫೀಸೇ. ಹಾರೋದು ತೆಗ್ದು ಹಾಕು. ಕನಸು ಅನ್ನೋದನ್ನಂತೂ ಈಗ್ಲೇ ಹರಿದು ಹಾಕು, ಅಷ್ಟೊತ್ತು ನಂಬಿ ಕೂತಿರೋರ್ಗೆ ಅದು ಮೋಸ.

ಬದ್ಲಿಗೆ ಮಂಡಿಲಿ ಕೂತ್ಕೊಂಡು ನೋಡು. ಬೆಳಗ್ಗೆ ಹರಾಜು ಕೂಗೋನು ಉಸಿರು ಬಿಡದೆ ರೇಟ್ ಏರಿಸ್ತಾ ಹೋಗ್ತಾನೆ, ಕ್ರೇಟ್ ಮೇಲೆ ಕ್ರೇಟು, ಹೊರ ರಾಜ್ಯದ ಲಾರಿಗಳು, ಪಕ್ಕದಲ್ಲಿ ಮುಖ ಒಣಗಿಸ್ಕೊಂಡು ನಿಂತಿರೋ ರೈತ. ಜುಲೈ 2023ರಲ್ಲಿ ಟೊಮ್ಯಾಟೊ ಕಿಲೋ ನೂರು ರೂಪಾಯಿ ದಾಟಿದಾಗ ತೋಟಕ್ಕೆ ರಾತ್ರಿ ಕಾವಲು ಕೂತಿದ್ರು, ಅದೇ ಟೊಮ್ಯಾಟೊನ ಬೇರೆ ವರ್ಷ ಕೊಯ್ಯೋ ಕೂಲಿ ಹುಟ್ಟಲ್ಲ ಅಂತ ರಸ್ತೆಗೆ ಸುರಿದಿದಾರೆ. ಇದಕ್ಕಿಂತ ಫ್ಯಾಂಟಸಿ ಇನ್ನೇನ್ ಬೇಕು? ನಾಳೆ ರೇಟು ಬಿದ್ದೋಗುತ್ತೆ ಅಂತ ಟೊಮ್ಯಾಟೊ ಇವನ ಕಿವೀಲಿ ಹೇಳುತ್ತೆ, ಎದುರಿಗೆ ಪರಿಚಯದ ರೈತ ನಿಂತು ಇವತ್ತು ಕೊಡ್ಲಾ, ನಾಳೆ ತರ್ಲಾ ಅಂತ ಕೇಳ್ತಾನೆ. ನಿಜ ಹೇಳಿದ್ರೆ ಇವತ್ತೇ ಮಾಲು ಬಂದು ಬೀಳುತ್ತೆ, ಕೊಂಡೋರಿಗೆ ನಷ್ಟ. ಹೇಳದಿದ್ರೆ ರೈತ ಮುಳುಗ್ತಾನೆ. ಮಂಡಿಯವನಿಗೆ ಎರಡೂ ಕಡೆ ಉಣ್ಣೋ ಋಣ. ಅಲ್ಲಿ ನಿಲ್ಲಿಸು ಕ್ಯಾಮೆರಾ.

ಇನ್ನು ಆಕ್ಟರ್. ಊರಲ್ಲಿ ಮಿಮಿಕ್ರಿ ಮಾಡೋ ಫ್ರೆಂಡ್ ಇದ್ದೇ ಇರ್ತಾನೆ, ಅವನನ್ನ ಹಾಕ್ಬೇಡ. ಲೆಕ್ಕದ ಪುಸ್ತಕ ಬರಿಯೋ ಗುಮಾಸ್ತರು ಯಾರಾದ್ರೂ ಒಪ್ಪಿದ್ರೆ ಅವ್ರನ್ನೇ ಕೂರ್ಸು. ಟೊಮ್ಯಾಟೊ ಮಾತಾಡಿದಾಗ ಏನ್ ಮಾಡ್ಬೇಕು ಅಂತ ಕೇಳ್ತಾರೆ, ಏನೂ ಮಾಡ್ಬೇಡಿ ಸಾರ್, ರೇಟು ಬರ್ಕೊಳ್ಳಿ ಅನ್ನು.

ಪ್ರಶ್ನೆ: ವಿಲ್ ಫೆರೆಲ್‌ಗೆ ಆ ಪಾತ್ರಕ್ಕೆ ಆಸ್ಕರ್ ಬಂತಾ? – ಕೆಜಿಎಫ್ ಓದುಗರು

ಇಲ್ಲ. ಗೋಲ್ಡನ್ ಗ್ಲೋಬ್‌ಗೆ ನಾಮಿನೇಷನ್ ಆಯ್ತು, ಕಾಮಿಡಿ ವಿಭಾಗದ ಬೆಸ್ಟ್ ಆಕ್ಟರ್ ಅಂತ, ಅಷ್ಟೇ.